ಮರುಭೂಮಿಯಲ್ಲಿ ಕಲಿತದ್ದನ್ನು ಶಿರಾಡಿಯಲ್ಲಿ ಮರೆಯಬೇಕೆ?

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ಸಕಲೇಶಪುರ, ಆಲೂರು, ಹಾನುಬಾಳು, ಹೆತ್ತೂರು ಕಡೆಯ ನಮ್ಮ ಮನೆಗಳಿಗೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು ಒಬ್ಬೊಬ್ಬರಾಗಿ ಬಂದಿಳಿಯುತ್ತಾರೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಗುಂಪುಗುಂಪಾಗಿ ನಿಂತು ಮಾತನಾಡುವಾಗ ಸಂಬಳದ ಮಾತು ಬಂದರೂ ಬರಬಹುದು, ಬಾರದೆಯೂ ಇರಬಹುದು; ಆದರೆ ರಸ್ತೆಯ ಮಾತು ಬಾರದೆ ಇರುವುದಿಲ್ಲ. ಅಲ್ಲಿನ ರಸ್ತೆ ಹೇಗೆ, ಅಲ್ಲಿನವರು ಗಾಡಿ ಓಡಿಸುವ ಪರಿ ಹೇಗೆ, ಹಿಂದಿನಿಂದ ಬಂದು ಬೆಳಕು ಚೆಲ್ಲಿ ಹೆದರಿಸುವ ದೊಡ್ಡ ಗಾಡಿಗಳ ದರ್ಪ ಎಂಥದು ಎಂದು ಶುರುವಾದ ವರ್ಣನೆ ಕೊನೆಗೆ 'ನಮ್ಮವರಿಗೆ ಮಾತ್ರ ಬುದ್ಧಿಯಿಲ್ಲ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗೆ ಹೇಳಿದವರೇ ಅರ್ಧ ಗಂಟೆಯ ನಂತರ ಹೆದ್ದಾರಿಯ ತಿರುವಿನಲ್ಲಿ ಟ್ಯಾಂಕರನ್ನು ಹಿಂದಿಕ್ಕುವುದನ್ನು ನಾವು ಕಂಡಿದ್ದೇವೆ. ಈ ವಾರದ ನಮ್ಮ ಮಾತು ಅದರ ಕುರಿತು.

ಮೊದಲು, ಹೊರಗೆ ಹೋದವರ ಕಷ್ಟವನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಮಲೆನಾಡಿನ ಹುಡುಗರು ಬಹಳ ಮಂದಿ ಕಾಫಿ ಒಣಗಿಸುವ ಕಣದಲ್ಲಿ ಜೀಪು ಕಲಿತವರು. ಕೆಸರಿನಲ್ಲಿ, ಏರಿನಲ್ಲಿ, ಒಂದೇ ಗಾಡಿ ಹಿಡಿಸುವ ತೋಟದ ದಾರಿಯಲ್ಲಿ ಹಿಮ್ಮುಖವಾಗಿ ಅರ್ಧ ಫರ್ಲಾಂಗು ಬರಬಲ್ಲ ಚತುರರು. ಆದರೆ ದುಬೈಯಲ್ಲಾಗಲಿ ಮಸ್ಕತ್ತಿನಲ್ಲಾಗಲಿ ಉದ್ಯೋಗಕ್ಕೆ ನೆಲೆಸಿದವನಿಗೆ ಹಾಸನದಲ್ಲಿ ಪಡೆದ ಪರವಾನಗಿಯೊಂದೇ ಸಾಲದು. ಅಲ್ಲಿನ ಶಾಲೆಯಲ್ಲಿ ಕಲಿತು, ಅಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಲ್ಲಿ ಹತ್ತು ವರ್ಷ ಓಡಿಸಿದವರು ಅಲ್ಲಿ ಮೂರು ನಾಲ್ಕು ಬಾರಿ ಅನುತ್ತೀರ್ಣರಾಗುವುದು ಸಾಮಾನ್ಯ. ಕುವೈತಿನಲ್ಲಂತೂ ಪರದೇಶೀಯನಿಗೆ ಪರವಾನಗಿ ಬೇಕಾದರೆ ಕೆಲವು ವೃತ್ತಿಗಳನ್ನು ಬಿಟ್ಟು ಉಳಿದವರಿಗೆ ಪದವಿ ಬೇಕು, 600 ದಿನಾರ್ ಸಂಬಳ ಬೇಕು, ಎರಡು ವರ್ಷದ ವಾಸ ಬೇಕು ಎಂಬ ನಿಯಮಗಳು ಹತ್ತಾರು ವರ್ಷಗಳಿಂದ ಕಾಡಿವೆ. ಸೌದಿ ಅರೇಬಿಯಾದಲ್ಲಿ 2018ರ ಜೂನ್ 24ರವರೆಗೆ ಹೆಣ್ಣುಮಕ್ಕಳಿಗೆ ವಾಹನ ಓಡಿಸಲು ಅವಕಾಶವೇ ಇರಲಿಲ್ಲ. ತೋಟದಲ್ಲಿ ಜೀಪು ಓಡಿಸಿಕೊಂಡಿದ್ದ ನಮ್ಮ ಹುಡುಗಿ ಅಲ್ಲಿ ದಾದಿಯಾಗಿ ಹೋದರೆ ಆಸ್ಪತ್ರೆಯ ಬಸ್ಸನ್ನೇ ಕಾಯಬೇಕಾಗಿತ್ತು.

ಇನ್ನು ಬದಿಯ ಪ್ರಶ್ನೆ. ಕೊಲ್ಲಿ ರಾಷ್ಟ್ರಗಳಲ್ಲೆಲ್ಲ ಬಲಬದಿಯ ಸಂಚಾರ. ಬಹರೈನ್ 1967ರವರೆಗೆ ನಮ್ಮಂತೆಯೇ ಎಡಬದಿಯಲ್ಲಿ ನಡೆದು ಆಮೇಲೆ ಬದಲಾಯಿಸಿತು. ಅದೇ ವರ್ಷ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶವೂ ಒಂದೇ ಬೆಳಗಿನಲ್ಲಿ ಎಡದಿಂದ ಬಲಕ್ಕೆ ಹೊರಳಿತು. ಒಂದು ದೇಶ ಅಷ್ಟು ಸಿದ್ಧತೆ ಮಾಡಿಕೊಂಡು ಮಾಡಿದ ಕೆಲಸವನ್ನು ನಮ್ಮ ಹುಡುಗ ವಿಮಾನ ಇಳಿದ ಕೆಲವೇ ದಿನಗಳಲ್ಲಿ ತನ್ನೊಬ್ಬನ ತಲೆಯೊಳಗೆ ಮಾಡಿಕೊಳ್ಳಬೇಕು. ಇಲ್ಲಿ ವೃತ್ತವನ್ನು ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ, ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಅಲ್ಲಿ ತಿರುಗುಮುರುಗು: ಎಡದಿಂದ ಬರುವವನು, ಆಗಲೇ ವೃತ್ತದೊಳಗಿರುವವನು, ಮೊದಲು ಹೋಗಬೇಕು. ಇಲ್ಲಿನ ಬಹುಪಾಲು ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಬಲಗೈಗೆ, ವೈಪರಿನ ಕಡ್ಡಿ ಎಡಗೈಗೆ. ಅಲ್ಲಿ ಅದೂ ಅದಲುಬದಲು. ತಿರುಗಲು ಸೂಚನೆ ಕೊಡಹೋಗಿ ಸುಡುಬಿಸಿಲಿನಲ್ಲಿ ವೈಪರ್ ಆಡಿಸಿದ ಕತೆಯನ್ನು ಹೇಳದ ಗಲ್ಫಿಗ ಇಲ್ಲ. ಅದೇ ತಪ್ಪು ಊರಿಗೆ ಬಂದಾಗಲೂ ಆಗುತ್ತದೆ. ಆದರೆ ಸಕಲೇಶಪುರದ ಮಳೆಗಾಲದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾನೂನು ಪುಸ್ತಕದಲ್ಲಿರುವುದನ್ನು ಕಲಿಯಬಹುದು. ಪುಸ್ತಕದಲ್ಲಿಲ್ಲದ ರೂಢಿಯನ್ನು ಕಲಿಯುವುದು ಕಷ್ಟ, ಏಕೆಂದರೆ ರಸ್ತೆಯೂ ಒಂದು ಭಾಷೆಯೇ. ನಮ್ಮ ಕಿರುಸೇತುವೆಗಳಲ್ಲಿ ಎದುರಿನ ಗಾಡಿ ಹೆಡ್‌ಲೈಟನ್ನು ಮಿಣುಕಿಸಿದರೆ 'ನಾನು ಬರುತ್ತಿದ್ದೇನೆ, ನೀನು ನಿಲ್ಲು' ಎಂದರ್ಥ. ದುಬೈ ಅಬುಧಾಬಿಗಳ ಹೆದ್ದಾರಿಯ ಎಡತುದಿಯ ಸಾಲಿನಲ್ಲಿ ಹಿಂದಿನವನು ಮಿಣುಕಿಸಿದರೆ 'ಪಕ್ಕಕ್ಕೆ ಸರಿ' ಎಂಬ ಆಜ್ಞೆ. ಇಂಗ್ಲೆಂಡಿನಲ್ಲಿ, ಅಲ್ಲಿನ ಅಧಿಕೃತ ಕೈಪಿಡಿ ಒಪ್ಪದಿದ್ದರೂ, ಬಹಳ ಜನ ಅದನ್ನು 'ನೀವು ಮೊದಲು ಹೋಗಿ' ಎನ್ನಲು ಬಳಸುತ್ತಾರೆ. ನಮ್ಮ ಪರಿಚಯದ ದಾದಿಯೊಬ್ಬರು ಅಲ್ಲಿ ಕಿರಿದಾದ ಬೀದಿಯೊಂದರಲ್ಲಿ ಎದುರಿನವರು ಬೆಳಕು ತೋರಿದಾಗಲೆಲ್ಲ ಮಲೆನಾಡಿನ ಅಭ್ಯಾಸದಂತೆ ನಿಂತುಬಿಡುತ್ತಿದ್ದರಂತೆ. ಎದುರಿನವರೂ ಸೌಜನ್ಯದಿಂದ ನಿಂತೇ ಇರುತ್ತಿದ್ದರಂತೆ. ನಗು ಬರುವ ಸಂಗತಿ ನಿಜ. ಆದರೆ ಇದೇ ತಪ್ಪು ತಿಳುವಳಿಕೆ ಇಬ್ಬರೂ ನುಗ್ಗುವ ಕಡೆಗೆ ಆದಾಗ ನಗುವವರು ಯಾರೂ ಇರುವುದಿಲ್ಲ. ಹಾರ್ನಿನ ವಿಚಾರವೂ ಹಾಗೆಯೇ. ಘಾಟಿಯ ಕುರುಡು ತಿರುವಿನಲ್ಲಿ ಹಾರ್ನ್ ಮಾಡದಿರುವುದು ಅಪರಾಧಕ್ಕೆ ಸಮ. ಹೊರದೇಶದ ಸಿಗ್ನಲಿನಲ್ಲಿ ಹಾರ್ನ್ ಮಾಡುವುದು ಬೈಗುಳಕ್ಕೆ ಸಮ.

ಹಾಗೆಂದು ನಮ್ಮವರು ಅಲ್ಲಿಗೆ ಬರಿಗೈಯಲ್ಲಿ ಹೋಗುತ್ತಾರೆಂದು ಯಾರೂ ಭಾವಿಸಬಾರದು. ಮಂಜಿನಿಂದಲೇ ಹೆಸರು ಪಡೆಯಿತೆನ್ನಲಾಗುವ ಮಂಜರಾಬಾದ್ ಕೋಟೆಯ ಬುಡದಲ್ಲಿ ಹುಟ್ಟಿದವನಿಗೆ ಮಂಜಿನಲ್ಲಿ ಓಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮರುಭೂಮಿಯಲ್ಲಿಯೂ ಚಳಿಗಾಲದ ಬೆಳಗಿನಲ್ಲಿ ದಟ್ಟ ಮಂಜು ಇಳಿಯುತ್ತದೆಂಬುದು ಇಲ್ಲಿ ಹಲವರಿಗೆ ತಿಳಿಯದು. 2008ರ ಮಾರ್ಚಿನಲ್ಲಿ ಅಬುಧಾಬಿ ದುಬೈ ಹೆದ್ದಾರಿಯಲ್ಲಿ ಅಂಥ ಮಂಜಿನಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಡಿದವು, ಬೆಂಕಿ ಹತ್ತಿತು, ಜೀವಗಳು ಹೋದವು. ಈಗ ಅಬುಧಾಬಿಯಲ್ಲಿ ಮಂಜು ಕವಿದ ಕೂಡಲೇ ವೇಗದ ಮಿತಿ ಗಂಟೆಗೆ 80 ಕಿಲೋಮೀಟರಿಗೆ ಇಳಿದು ಫಲಕಗಳಲ್ಲಿ ಕಾಣಿಸುತ್ತದೆ. ಒಮಾನಿನ ಸಲಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಬಂದು ಗುಡ್ಡಗಳು ಹಸಿರಾಗಿ, ಇಬ್ಬನಿ ಕವಿದು, ಒಂಟೆಗಳು ರಸ್ತೆಗೆ ಅಡ್ಡ ಬರುವಾಗ ಅಲ್ಲಿರುವ ನಮ್ಮವರಿಗೆ ಮನೆಯ ನೆನಪಾಗದೆ ಇದ್ದೀತೆ? ಒಂಟೆಯ ಬದಲು ಆನೆ, ಅಷ್ಟೇ ವ್ಯತ್ಯಾಸ. ಕತ್ತಲಾದ ಮೇಲೆ ಆಲೂರಿನ ಒಳರಸ್ತೆಗಳಲ್ಲಿ ನಿಧಾನವಾಗಿ, ಎದುರಿಗೆ ಏನಿದ್ದೀತೆಂಬ ಎಚ್ಚರದಲ್ಲಿ ಓಡಿಸಿದ ಅಭ್ಯಾಸ ಅವರನ್ನು ಅಲ್ಲಿ ಕಾಪಾಡಿದೆ.

ಅಲ್ಲಿ ಅವರನ್ನು ಕಾಪಾಡುವ ಇನ್ನೊಂದು ಸಂಗತಿ ಭಯ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರಲ್ಲಿ ಜಾರಿಗೆ ಬಂದ ಪಟ್ಟಿಯಂತೆ ಕೆಂಪು ದೀಪವನ್ನು ದಾಟಿದ ಕಾರಿಗೆ 1,000 ದಿರ್ಹಂ ದಂಡ, ಪರವಾನಗಿಯ ಮೇಲೆ 12 ಕಪ್ಪು ಅಂಕ. ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸಿದರೆ 400 ದಿರ್ಹಂ, 4 ಅಂಕ. ಅಂಕಗಳು 24 ತುಂಬಿದರೆ ಪರವಾನಗಿಯೇ ಅಮಾನತು. ಅಪಘಾತದಲ್ಲಿ ತಪ್ಪಿನಿಂದ ಒಬ್ಬರು ಸತ್ತರೆ ಮೃತರ ಕುಟುಂಬಕ್ಕೆ ಸಲ್ಲಬೇಕಾದ ರಕ್ತಪರಿಹಾರ 2,00,000 ದಿರ್ಹಂ. ಸಾಮಾನ್ಯವಾಗಿ ವಿಮೆ ಅದನ್ನು ಭರಿಸುತ್ತದೆ. ಚಾಲಕ ಕುಡಿದಿದ್ದರೆ ಭರಿಸಿದ್ದನ್ನು ವಿಮೆಯವರು ಅವನಿಂದಲೇ ವಸೂಲು ಮಾಡಬಹುದು. ತಿಂಗಳಿಗೆ ಎರಡು ಮೂರು ಸಾವಿರ ದಿರ್ಹಂ ದುಡಿಯುವವನು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಚಾಲಕನ ಆಸನದಲ್ಲಿ ಕೂರುತ್ತಾನೆ. ಮನೆವಾಹನ ಚಾಲಕರಾಗಿ ಹೋದ ನಮ್ಮ ಬಡ ಹುಡುಗರ ಪಾಡು ಇನ್ನೂ ಕಠಿಣ. ಹಿಂದಿನ ಆಸನದಲ್ಲಿ ಯಜಮಾನರ ಮಕ್ಕಳು, ಮುಂದೆ ಗೊತ್ತಿಲ್ಲದ ಊರು, ತಪ್ಪಾದರೆ ಕೆಲಸ, ವೀಸಾ, ಊರಿನ ಸಾಲ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ಅವರ ತಾಳ್ಮೆಯನ್ನು ನಾವು ಸಾಕಷ್ಟು ಗೌರವಿಸಿಲ್ಲ ಎಂಬ ಅನಿಸಿಕೆ ನಮ್ಮದು.

ಹೀಗೆ ವರ್ಷದ ಹನ್ನೊಂದು ತಿಂಗಳು ಪರರ ರೂಢಿಗೆ ಹೊಂದಿಕೊಂಡು, ತನ್ನ ಸಾಲಿನಲ್ಲಿ ತಾನು ಸಾಗಿ, ಪಟ್ಟಿ ಕಟ್ಟಿಕೊಂಡು ಓಡಿಸುವ ಮನುಷ್ಯ ರಜೆಗೆ ಬರುತ್ತಾನೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇಳಿದು ಬಾಡಿಗೆ ಕಾರು ಹಿಡಿಯುತ್ತಾನೆ, ಅಥವಾ ತಮ್ಮನ ಕಾರನ್ನು ತಾನೇ ಓಡಿಸುತ್ತೇನೆಂದು ಕೀ ಇಸಿದುಕೊಳ್ಳುತ್ತಾನೆ. ಇಲ್ಲಿ ಎರಡು ಅಪಾಯಗಳಿವೆ. ಅವುಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಒಂದು, ಮೈಗೆ ಅಂಟಿದ ಬಲಬದಿ. ದಾರಿಯಲ್ಲಿ ಬೇರೆ ವಾಹನಗಳಿರುವಾಗ ಈ ತಪ್ಪು ಆಗುವುದು ಕಡಿಮೆ. ಅವು ದಾರಿ ತೋರಿಸುತ್ತವೆ. ಆಗುವುದು ರಸ್ತೆ ಖಾಲಿ ಇರುವಾಗ: ಬೆಳಗಿನ ಆರು ಗಂಟೆಗೆ ತೋಟದ ಗೇಟಿನಿಂದ ಹೊರಬಿದ್ದಾಗ, ಪೆಟ್ರೋಲ್ ಬಂಕಿನಿಂದ ಹೆದ್ದಾರಿಗೆ ತಿರುಗಿದಾಗ, ಚಹಾ ಕುಡಿದು ಮತ್ತೆ ಹತ್ತಿದಾಗ. ಹಾನುಬಾಳಿನ ಕಡೆಯ ಒಂದು ಮನೆಯ ಮಗ ಹೀಗೆಯೇ ಗೇಟು ದಾಟಿ ನೇರವಾಗಿ ಬಲಬದಿಗೆ ಹೋಗಿ, ತಿರುವಿನಲ್ಲಿ ಹಾಲಿನ ವಾಹನಕ್ಕೆ ಎದುರಾದದ್ದನ್ನು ನಾವು ಬಲ್ಲೆವು. ಪಕ್ಕದಲ್ಲಿ ಕುಳಿತಿದ್ದ ತಾಯಿ 'ಎಡಕ್ಕೆ ಹಿಡಿಯೋ ಮಗಾ' ಎಂದು ಕೂಗಿದ್ದರಿಂದ ಕಾರಿನ ಒಂದು ಕನ್ನಡಿಯಷ್ಟೇ ಹೋಯಿತು. ಇನ್ನು ಅವರ ಮಕ್ಕಳ ಮಾತು. ಅಲ್ಲಿ ಹುಟ್ಟಿ ಬೆಳೆದ ಮಗು ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುತ್ತದೆ, ಏಕೆಂದರೆ ಅಲ್ಲಿ ಹತ್ತಿರದ ವಾಹನ ಬರುವುದು ಎಡದಿಂದ. ಸಕಲೇಶಪುರದ ಪೇಟೆಯಲ್ಲಿ ಅದು ಬರುವುದು ಬಲದಿಂದ. ಎಡಕ್ಕೆ ನೋಡಿ ಹೆಜ್ಜೆಯಿಟ್ಟ ಮಗು ಬಲದಿಂದ ಬರುವ ಬಸ್ಸನ್ನು ನೋಡಿರುವುದಿಲ್ಲ. ಅಜ್ಜ ಅಜ್ಜಿಯರು ರಜೆಯ ಮೊದಲ ವಾರ ಮೊಮ್ಮಕ್ಕಳ ಕೈ ಬಿಡಬಾರದು. ಬರೀ ಅಕ್ಕರೆಗಾಗಿ ಹೇಳುವ ಮಾತಲ್ಲ ಇದು.

ಎರಡನೆಯ ಅಪಾಯಕ್ಕೆ ಮರೆವನ್ನು ದೂರುವಂತಿಲ್ಲ. ಅದು ಬೇಕೆಂದೇ ಮಾಡಿಕೊಂಡದ್ದು. ದಂಡದ ಕ್ಯಾಮೆರಾ ಕಣ್ಮರೆಯಾದ ಕೂಡಲೇ ಕಲಿತದ್ದೂ ಕಣ್ಮರೆ. ಪಟ್ಟಿ ಭುಜದ ಮೇಲೆ ಸುಮ್ಮನೆ ನೇತಾಡುತ್ತದೆ, ಮಗು ಚಾಲಕನ ತೊಡೆಯೇರುತ್ತದೆ, ದೋಣಿಗಾಲ್ ದಾಟಿದ ಮೇಲೆ ಮುಂದಿರುವ ಪ್ರತಿ ಲಾರಿಯೂ ತನ್ನ ಮಾನಕ್ಕೆ ಎಸೆದ ಸವಾಲಾಗುತ್ತದೆ. 'ಇಲ್ಲಿ ಹೀಗೆಯೇ ಓಡಿಸಬೇಕು, ಇಲ್ಲದಿದ್ದರೆ ಊರು ಸೇರುವುದಿಲ್ಲ' ಎಂಬ ಸಮಜಾಯಿಷಿ ಬೇರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹಾಸನದಿಂದ ಮಾರನಹಳ್ಳಿಯವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿ ಜನರ ತಾಳ್ಮೆಯನ್ನು ತಿಂದಿದೆ. 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಕಾಂಕ್ರೀಟಿಗಾಗಿ ಶಿರಾಡಿ ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಮತ್ತೆ ಮತ್ತೆ ಕುಸಿದು ವಾಹನಗಳು ಮಣ್ಣಿನಲ್ಲಿ ಸಿಲುಕಿದವು. ಆದರೆ ಕೆಟ್ಟ ರಸ್ತೆ ನಿಧಾನಕ್ಕೆ ಕಾರಣವಾಗಬೇಕೇ ಹೊರತು ಅವಸರಕ್ಕೆ ಹೇಗೆ ಕಾರಣವಾದೀತು? 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳಿದೆ. 

ಈ ಸಂದರ್ಭದಲ್ಲಿ ನಾವು ಒಂದು ಪ್ರಶ್ನೆಯನ್ನು ತಿರುಗಿಸಿ ಕೇಳಬಯಸುತ್ತೇವೆ. ಪರದೇಶದಲ್ಲಿ ಅಲ್ಲಿನವರ ಚಾಲನೆಯ ರೂಢಿಯಿಂದ ನಮ್ಮ ಮಕ್ಕಳು ಪಡುವ ಪಾಡನ್ನು ಇಷ್ಟು ಹೇಳಿದೆವಲ್ಲ. ನಮ್ಮ ರೂಢಿಯಿಂದ ಪಾಡು ಪಡುವ ಪರದೇಶಿಗಳು ಯಾರೂ ಇಲ್ಲವೆ? ರಾಷ್ಟ್ರೀಯ ಹೆದ್ದಾರಿ 75ರ ಪಕ್ಕದಲ್ಲಿ ಅರ್ಧ ಗಂಟೆ ನಿಂತು ನೋಡಿ. ಮಂಗಳೂರಿನಿಂದ ಅನಿಲ, ತೈಲ ಹೊತ್ತು ಏರಿ ಬರುವ ಟ್ಯಾಂಕರಿನವನು ತಮಿಳುನಾಡಿನವನು. ಬಂದರಿನ ಸರಕಿನ ಲಾರಿಯವನು ಉತ್ತರದ ಯಾವುದೋ ರಾಜ್ಯದವನು. ಘಾಟಿಯ ಕನ್ನಡದ ಫಲಕ ಅವನಿಗೆ ಬರಿಯ ಚಿತ್ರ. ತೋಟಕ್ಕೆ ಅಸ್ಸಾಮಿನಿಂದ ಬಂದು ಸಂಜೆ ದಿನಸಿ ಹಿಡಿದು ರಸ್ತೆಯಂಚಿನಲ್ಲಿ ಸಾಲಾಗಿ ನಡೆಯುವ ಕೂಲಿಕಾರ ಹೆಣ್ಣುಮಕ್ಕಳು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದು ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ತಡವರಿಸುವ ಪ್ರವಾಸಿ. ಇವರೆಲ್ಲರಿಗೂ ಸಕಲೇಶಪುರವೇ ಪರದೇಶ. ದುಬೈಯಲ್ಲಿ ನಮ್ಮ ಹುಡುಗನ ಬೆನ್ನ ಹಿಂದೆ ಬೆಳಕು ಚೆಲ್ಲುವ ದೊಡ್ಡ ಗಾಡಿಯ ಸ್ಥಾನದಲ್ಲಿ ಇಲ್ಲಿ ನಾವಿದ್ದೇವೆ.

ಘಾಟಿಯ ಲಾರಿಗಳ ಬಲ ಇಂಡಿಕೇಟರನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಅದಕ್ಕೆ ಎರಡು ಅರ್ಥ. 'ನಾನು ಬಲಕ್ಕೆ ಸರಿಯುತ್ತೇನೆ' ಎಂಬುದು ಕಾನೂನಿನ ಅರ್ಥ. 'ಎದುರು ಖಾಲಿಯಿದೆ, ನೀನು ಹಿಂದಿಕ್ಕು' ಎಂಬುದು ರೂಢಿಯ ಅರ್ಥ. ಮುಂದಿನವನು ಯಾವ ಅರ್ಥದಲ್ಲಿ ಹಾಕಿದ್ದಾನೆಂದು ಹಿಂದಿನವನು ಊಹಿಸಬೇಕು, ಅದೂ ತಿರುವಿನಲ್ಲಿ, ಅದೂ ಮಳೆಯಲ್ಲಿ. ಇಬ್ಬರೂ ಒಂದೇ ಊರಿನವರಾದರೆ ಊಹೆ ಸರಿಹೋದೀತು. ಕೊಲ್ಲಿಯಿಂದ ನಿನ್ನೆ ಬಂದವನಿಗೂ ರಾಜಸ್ಥಾನದ ಲಾರಿಯವನಿಗೂ ನಡುವೆ ಈ ಊಹೆಯನ್ನು ನೆಚ್ಚಿ ನಾಲ್ಕು ಜೀವಗಳನ್ನು ಒಡ್ಡುವುದು ಹುಚ್ಚುತನ. ಮುಂದಿನ ದಾರಿ ಕಣ್ಣಿಗೆ ಕಾಣದೆ ಯಾರ ದೀಪವನ್ನೂ ನಂಬಬಾರದು.

ಏರುವ ವಾಹನಕ್ಕೆ ಮೊದಲ ದಾರಿ ಎಂಬ ನಿಯಮವೂ ನಮ್ಮಲ್ಲಿ ಮರೆತುಹೋಗುತ್ತಿದೆ. ಗುಡ್ಡದ ಕಿರಿದಾದ ರಸ್ತೆಯಲ್ಲಿ ಇಳಿಯುವವನು ನಿಂತು ಏರುವವನಿಗೆ ಬಿಡಬೇಕೆಂದು 1989ರ ರಸ್ತೆ ನಿಯಮಗಳಲ್ಲಿಯೂ ಇತ್ತು, ಅವುಗಳ ಬದಲಿಗೆ ಬಂದ 2017ರ ಚಾಲನಾ ನಿಯಮಗಳಲ್ಲಿಯೂ ಇದೆ. ಹೇರು ಹೊತ್ತು ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರಿದರೆ ಹಿಂದಿರುವವರೂ ಹೋಗುತ್ತಾರೆ. ನಮ್ಮ ಹಿರಿಯರು ಎತ್ತಿನ ಗಾಡಿಯ ಕಾಲದಿಂದ ಇದನ್ನು ಪಾಲಿಸಿದವರು. ಈಗ ತೋಟದ ದಾರಿಯಲ್ಲಿ ಕೊಯ್ಲಿನ ಕಾಫಿ ತುಂಬಿ ಏರಿ ಬರುವ ಪಿಕಪ್ಪಿನ ಎದುರಿಗೆ ನಮ್ಮ ಹೊಸ ಕಾರು ಮೂಗು ತೂರಿಸಿ ನಿಲ್ಲುತ್ತದೆ. 'ಅಣ್ಣಾ, ಹತ್ತೋ ಗಾಡಿಗೆ ಸ್ವಲ್ಪ ದಾರಿ ಕೊಡಿ' ಎಂದು ಚಾಲಕ ಇಳಿದು ಬಂದು ಕೈಮುಗಿದು ಕೇಳುವ ಸ್ಥಿತಿ.

ಧರ್ಮಸಭೆಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು ನೆನಪಿಸಬೇಕಾಗಿದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ರಸ್ತೆಯ ಪಾಲನಾ ಸೇವೆಯ ಕುರಿತು ಮಾರ್ಗಸೂಚಿಯೊಂದನ್ನು ಹೊರಡಿಸಿ, ಅದರಲ್ಲಿ ವಾಹನ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಅದನ್ನು ಸಿದ್ಧಪಡಿಸಿದ್ದು ವಲಸಿಗರ ಪಾಲನೆಗೆಂದೇ ಇದ್ದ ಮಂಡಳಿ. (ಆ ಮಂಡಳಿ 2017ರಲ್ಲಿ ಬೇರೊಂದು ಇಲಾಖೆಯಲ್ಲಿ ವಿಲೀನವಾಯಿತು.) ಊರು ಬಿಟ್ಟು ಹೋದವರನ್ನೂ ರಸ್ತೆಯ ಮೇಲಿರುವವರನ್ನೂ ಒಂದೇ ಕಣ್ಣಿನಿಂದ ಕಂಡದ್ದು ನಮಗೆ ಬಹಳ ಸರಿಯೆನಿಸುತ್ತದೆ. ಕೊಲ್ಲಬಾರದೆಂಬುದೇ ಅಲ್ಲಿಯೂ ಮೊದಲನೆಯ ಕಟ್ಟಳೆ. ದುರ್ಬಲರನ್ನು ರಸ್ತೆಯಲ್ಲಿ ರಕ್ಷಿಸಬೇಕೆಂದೂ, ಓಡಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಪ್ರೀತಿಯಿಂದ ಒಪ್ಪಿಸಿ ತಡೆಯಬೇಕೆಂದೂ ಮುಂದೆ ಹೇಳಿದೆ. ಹೊಸ ಕಾರು ಕೊಂಡಾಗ ಚರ್ಚಿಗೆ ತಂದು ಗುರುಗಳಿಂದ ಆಶೀರ್ವಾದ ಪಡೆಯುವುದು, ಸಂತ ಕ್ರಿಸ್ಟೋಫರರ ಪದಕವನ್ನು ಕನ್ನಡಿಗೆ ತೂಗುಹಾಕುವುದು ನಮ್ಮಲ್ಲಿ ರೂಢಿ. ಆಶೀರ್ವಾದ ಮಾಡುವ ಗುರುಗಳು ಆ ಹತ್ತು ಕಟ್ಟಳೆಗಳ ಒಂದು ಪ್ರತಿಯನ್ನೂ ಕೈಗೆ ಕೊಟ್ಟರೆ ಚೆನ್ನಾಗಿತ್ತು.

ಓಡಿಸುವ ಸ್ಥಿತಿಯ ಮಾತು ಬಂದುದರಿಂದ, ಎಲ್ಲರಿಗೂ ತಿಳಿದಿದ್ದರೂ ಯಾರೂ ಅಂಗಳದಲ್ಲಿ ಆಡದ ವಿಷಯವನ್ನು ಹೇಳಿಬಿಡುತ್ತೇವೆ. ಕ್ರಿಸ್ತಜಯಂತಿಯ ಮರುದಿನಗಳಿಂದ ತಪಸ್ಸುಕಾಲದವರೆಗೆ ನಮ್ಮಲ್ಲಿ ಮದುವೆಗಳ ಸಾಲು. ಮದುವೆಯ ಮುನ್ನಾದಿನ ರೋಸ್. ರೋಸ್ ಎಂದರೆ ತೆಂಗಿನ ಹಾಲು, ಹಾಡು, ಹಾಸ್ಯ. ಅದರೊಂದಿಗೆ ಬಾಟಲಿಯೂ ಬಂದು ಕುಳಿತು ಬಹಳ ವರ್ಷಗಳಾದವು. ಕೊಲ್ಲಿಯಲ್ಲಿ ಒಂದು ಗುಟುಕು ಕುಡಿದು ಕಾರಿನ ಬಾಗಿಲು ಮುಟ್ಟಲು ಹೆದರುವ ಅದೇ ವ್ಯಕ್ತಿ ಇಲ್ಲಿ ರಾತ್ರಿ ಹನ್ನೊಂದಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಆನೆ ತಿರುಗುವ ರಸ್ತೆಯಲ್ಲಿ, ಮಂಜಿನಲ್ಲಿ, ಬಾಳ್ಳುಪೇಟೆಯಿಂದ ಹೆತ್ತೂರಿಗೆ ಹೊರಡುತ್ತಾನೆ. 'ಬಾವ, ಇವತ್ತು ಇಲ್ಲೇ ಮಲಗಿ' ಎಂದು ಕರೆಯುವವರಿದ್ದಾರೆ, ಕೀ ಕಸಿದುಕೊಳ್ಳುವವರಿಲ್ಲ. ನಮ್ಮ ದೇಶದ ಕಾನೂನಿನಲ್ಲಿಯೂ ಮಿತಿಯಿದೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಆದರೆ ಅಷ್ಟು ರಾತ್ರಿಯಲ್ಲಿ ತೋಟದ ದಾರಿಗೆ ಬಂದು ಅಳೆಯುವವರು ಯಾರು?

ಮದುವೆಯ ಮನೆಯವರು ಊಟಕ್ಕೆ ಎಷ್ಟು ಜನ, ಬ್ಯಾಂಡಿಗೆ ಎಷ್ಟು ಹಣ ಎಂದು ಬರೆದಿಟ್ಟುಕೊಳ್ಳುವ ಪಟ್ಟಿಯಲ್ಲಿ ಈ ವರ್ಷ ಇನ್ನೊಂದು ಸಾಲು ಸೇರಿಸಲಿ: ಕುಡಿಯದ ಇಬ್ಬರು ಚಾಲಕರು, ಎರಡು ಜೀಪು, ರೋಸಿನ ರಾತ್ರಿ ಎಂಟರಿಂದ ಹನ್ನೆರಡರವರೆಗೆ. ನಾವು ವಿಚಾರಿಸಿ ನೋಡಿದೆವು. ಅದರ ಬಾಡಿಗೆ ಪಟಾಕಿಯ ಖರ್ಚಿಗಿಂತ ಕಡಿಮೆ.